ಗೋಡೆಗೆ ಪಾಠ ಹೇಳಿದ ಮೇಷ್ಟ್ರು

ಹೋದ ವರ್ಷ ಆಷಾಢದ ಒಂದು ಭಾನುವಾರ ಬೆಳಿಗ್ಗೆ ಚಾಮರಾಜನಗರದ ನಮ್ಮ ಮನೆಯ ಗೇಟಿನ ಮುಂದೆ ಬೈಕೊಂದು ಬಂದು ನಿಂತಿತು. ಇಳಿದವನು ಗುಂಡ್ಲುಪೇಟೆ ತಾಲ್ಲೂಕಿನ ಒಬ್ಬ ರೈತ. ನಾನು ಆ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದಾಗ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗ. ಈಗ ತಲೆ ನರೆತಿದೆ. ಕೈಚೀಲದಲ್ಲಿ ಎರಡು ಚಿಪ್ಪು ಬಾಳೆಹಣ್ಣು, ಮುಖದಲ್ಲಿ ಸಾಲ ಕೇಳಲು ಬಂದವನ ಸಂಕೋಚ. ಕಾಫಿ ಮುಗಿಯುವವರೆಗೂ ಮಳೆ, ಈರುಳ್ಳಿ ರೇಟು, ಕಾಡುಹಂದಿ ಕಾಟ ಅಂತ ಸುತ್ತಿ ಬಳಸಿ ಕೊನೆಗೆ ಲೋಟ ಕೆಳಗಿಟ್ಟು ಹೇಳಿದ.

‘ಮಗಳು ಇನ್ ಕಾಲೇಜ್‌ಗ ಹೋಗಲ್ಲ ಅಂತ ಕುಂತವ್ಳ ಸಾ. ನೀವೊಂದ್ ಮಾತ್ ಹೇಳ್ಬೇಕು.’

ಹುಡುಗಿ ಓದಿನಲ್ಲಿ ಚುರುಕು. ಎಸ್ಸೆಸ್ಸೆಲ್ಸಿಯಲ್ಲಿ ಊರಿಗೇ ಮೊದಲು. ಬಿ.ಎಸ್‌ಸಿ. ಸೇರಿ ದಿನಾ ಬಸ್ಸಿನಲ್ಲಿ ತೆರಕಣಾಂಬಿ ದಾಟಿ ಚಾಮರಾಜನಗರಕ್ಕೆ ಬಂದು ಹೋಗುತ್ತಿದ್ದಳು. ಜಗಳವಿಲ್ಲ, ಕಾಯಿಲೆಯಿಲ್ಲ, ಫೀಜಿನ ತೊಂದರೆಯೂ ಇಲ್ಲ. ಮತ್ತೇನು ಅಂದರೆ ‘ಅದೇನೋ ಸೆಮಿನಾರಂತ ಸಾ, ಸ್ಲೈಡಂತ’ ಅಂದ. ಆ ಸ್ಲೈಡು ಎಂಬ ಪದವನ್ನು ಅವನು ಯಾವುದೋ ರೋಗದ ಹೆಸರಿನ ಹಾಗೆ ಉಚ್ಚರಿಸಿದ.

ಮಾರನೆಯ ವಾರ ಹುಡುಗಿಯೇ ಬಂದಳು. ನಡೆದದ್ದು ಇಷ್ಟು. ತರಗತಿಯಲ್ಲಿ ಒಬ್ಬೊಬ್ಬರೂ ಹತ್ತು ನಿಮಿಷ ಒಂದು ವಿಷಯ ಮಂಡಿಸಬೇಕು. ಇವಳು ಆರಿಸಿಕೊಂಡದ್ದು ಸಸ್ಯಗಳ ಬಣ್ಣ. ಮೂರು ರಾತ್ರಿ ನಿದ್ದೆಗೆಟ್ಟು ನಲವತ್ತೆರಡು ಸ್ಲೈಡು ಮಾಡಿದ್ದಳು. ಹೆಡ್ಡಿಂಗುಗಳನ್ನು ಕನ್ನಡದಲ್ಲಿ ಹಾಕಿದರೆ ಚೆಂದ ಅಂತ ಮನೆಯ ಲ್ಯಾಪ್‌ಟಾಪಿನಲ್ಲಿದ್ದ ಹಳೆಯ ನುಡಿ ಅಕ್ಷರಗಳಲ್ಲಿ ಟೈಪು ಮಾಡಿದ್ದಳು. ಕಾಲೇಜಿನ ಕಂಪ್ಯೂಟರಿನಲ್ಲಿ ಆ ಅಕ್ಷರಗಳೇ ಇರಲಿಲ್ಲ. ಪರದೆಯ ಮೇಲೆ ಮೊದಲ ಹೆಡ್ಡಿಂಗು ಮೂಡಿದಾಗ ಅದು ಕನ್ನಡವೂ ಅಲ್ಲ, ಇಂಗ್ಲಿಷೂ ಅಲ್ಲ. ನೆತ್ತಿಯ ಮೇಲೆ ಚುಕ್ಕೆ, ಗೀರು ಹೊತ್ತ ಪರದೇಶಿ ಅಕ್ಷರಗಳ ಮೆರವಣಿಗೆ. ಹಿಂದಿನಿಂದ ಯಾರೋ ‘ಮೋಡಿ ಲಿಪಿ’ ಅಂದರು. ತರಗತಿಯೆಲ್ಲ ನಕ್ಕಿತು. ಇವಳು ಏನು ಮಾಡಬೇಕೆಂದು ತೋಚದೆ ಪರದೆಯ ಕಡೆ ತಿರುಗಿ, ಅಲ್ಲಿದ್ದ ಇಂಗ್ಲಿಷ್ ಸಾಲುಗಳನ್ನು ಒಂದೇ ಉಸಿರಿನಲ್ಲಿ ಓದುತ್ತಾ ಹೋದಳು. ಹದಿನೈದನೇ ಸ್ಲೈಡಿಗೆ ಟೈಮ್ ಆಯಿತು ಅಂತ ಕೂರಿಸಿದರು. ಅಂದಿನಿಂದ ಕಾಲೇಜು ಬೇಡ.

ನಗುವ ಹಾಗಿರಲಿಲ್ಲ. ಹತ್ತೊಂಬತ್ತು ವರ್ಷದವರಿಗೆ ನಲವತ್ತು ಜನ ಒಟ್ಟಿಗೆ ನಕ್ಕದ್ದು ಸಣ್ಣ ವಿಷಯವಲ್ಲ. ಹೆತ್ತವರು ‘ಇಷ್ಟಕ್ಕೆಲ್ಲ ಯಾರಾದರೂ ಕಾಲೇಜು ಬಿಡುತ್ತಾರಾ’ ಅನ್ನುತ್ತಾರೆ. ಬಿಡುತ್ತಾರೆ. ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ಇದಕ್ಕಿಂತ ಚಿಕ್ಕ ಕಾರಣಕ್ಕೆ ಓದು ಬಿಟ್ಟವರನ್ನು ಕಂಡಿದ್ದೇನೆ.

ಅವಳಿಗೆ ಬುದ್ಧಿ ಹೇಳುವ ಬದಲು ನನ್ನದೇ ಒಂದು ಕತೆ ಹೇಳಿದೆ. ಅದನ್ನು ಅಲ್ಲಿಯವರೆಗೆ ಹೆಂಡತಿಗೂ ಪೂರ್ತಿ ಹೇಳಿರಲಿಲ್ಲ.

ಅದು 1986. ಹ್ಯಾಲಿ ಧೂಮಕೇತು ಬಂದ ವರ್ಷ. ಆಗ ಚಾಮರಾಜನಗರ ಜಿಲ್ಲೆ ಆಗಿರಲಿಲ್ಲ; ನಾವೆಲ್ಲ ಇನ್ನೂ ಮೈಸೂರು ಜಿಲ್ಲೆಯ ಮೂಲೆಯವರು. 1997ರಲ್ಲಿ ಜಿಲ್ಲೆಯಾದದ್ದು. ನನಗೆ ಹೊಸ ನೌಕರಿ, ಹೊಸ ಹುರುಪು. ಮೈಸೂರಿನ ಸ್ನೇಹಿತರೊಬ್ಬರಿಂದ ಸ್ಲೈಡ್ ಪ್ರೊಜೆಕ್ಟರ್ ಕಡ ತಂದಿದ್ದೆ. ಈಗಿನ ಮಕ್ಕಳು ಅದನ್ನು ನೋಡಿರಲಾರರು. ಎರಡು ಅಂಗುಲ ಚೌಕದ ರಟ್ಟಿನ ಚೌಕಟ್ಟು, ಅದರ ನಡುವೆ ಫಿಲ್ಮಿನ ಒಂದು ತುಣುಕು. ಹಿಂದಿನಿಂದ ಪ್ರಖರವಾದ ಬಲ್ಬು, ಬಲ್ಬು ಕಾಯದಿರಲೆಂದು ಗುಂಯ್ ಎನ್ನುವ ಫ್ಯಾನು. ಮಸೂರ ಚಿತ್ರವನ್ನು ತಲೆಕೆಳಗು ಮಾಡುವುದರಿಂದ ಸ್ಲೈಡನ್ನು ತಲೆಕೆಳಗಾಗಿಯೇ ಇಡಬೇಕು. ಆ ರಹಸ್ಯ ನಾನು ಭೌತಶಾಸ್ತ್ರದಲ್ಲಿ ಓದಿದ್ದೆ, ಪಾಠವನ್ನೂ ಮಾಡಿದ್ದೆ. ಆದರೂ ಅಂದು ರಾತ್ರಿ ಹಂಗಳದ ಆಚೆಯ ಒಂದು ಹಳ್ಳಿಯಲ್ಲಿ, ಶಾಲೆಯ ಸುಣ್ಣದ ಗೋಡೆಯ ಮೇಲೆ ಮೊದಲು ಮೂಡಿದ್ದು ತಲೆಕೆಳಗಾದ ವೀಕ್ಷಣಾಲಯ. ಮಕ್ಕಳು ಹೋ ಎಂದು ಕೂಗಿದರು.

ಅವಮಾನ ಮುಚ್ಚಿಕೊಳ್ಳಲು ನಾನೂ ಇದೇ ಹುಡುಗಿ ಮಾಡಿದ್ದನ್ನೇ ಮಾಡಿದೆ. ಗೋಡೆಯ ಕಡೆ ತಿರುಗಿ, ಬೆತ್ತ ಹಿಡಿದು, ಮೂವತ್ತು ಸ್ಲೈಡುಗಳನ್ನೂ ಬಿಡದೆ ವಿವರಿಸಿದೆ. ಧೂಮಕೇತುವಿನ ಕಕ್ಷೆ, ಬಾಲ ಸೂರ್ಯನಿಗೆ ವಿಮುಖವಾಗಿರುವುದೇಕೆ, ಸುಮಾರು ಎಪ್ಪತ್ತಾರು ವರ್ಷಕ್ಕೊಮ್ಮೆ ಅದು ಮರಳುವುದು, ಎಡ್ಮಂಡ್ ಹ್ಯಾಲಿ ಮಾಡಿದ ಲೆಕ್ಕ. ಒಂದನ್ನೂ ಬಿಡಲಿಲ್ಲ. ಮುಗಿಸಿ ತಿರುಗಿದಾಗ ಮಕ್ಕಳು ನಿದ್ದೆ ಹೋಗಿದ್ದರು, ದೊಡ್ಡವರು ಬೀಡಿ ಹಚ್ಚಿದ್ದರು.

ಪ್ರೊಜೆಕ್ಟರಿನ ವೈರು ಸುತ್ತುತ್ತಿದ್ದಾಗ ಕಂಬಳಿ ಹೊದ್ದ ಒಬ್ಬ ಮುದುಕರು ಹತ್ತಿರ ಬಂದರು. ಎಂಬತ್ತು ದಾಟಿದ ವಯಸ್ಸು. ‘ಮೇಷ್ಟ್ರೇ, ಈ ಬಾಲದ ಚುಕ್ಕಿಯ ನಾ ನೋಡಿವ್ನಿ. ದನ ಕಾಯೋ ಹುಡ್ಗ ನಾನು. ಬೆಟ್ಟದ್ ಮ್ಯಾಲ ಹಿಂಗ ಅಡ್ಡಡ್ಡ ಬಿದ್ದಿತ್ತು, ನಮ್ಮವ್ವ ನೋಡ್ಬ್ಯಾಡ ಅಂತ ಕಣ್ಣ ಮುಚ್ಚಿದ್ಲು’ ಅಂದರು. ಗೋಪಾಲಸ್ವಾಮಿ ಬೆಟ್ಟದ ಕತ್ತಲೆಯ ಕಡೆ ಕೈ ಮಾಡಿ ತೋರಿಸಿದರು.

1910! ಆ ವರ್ಷದ ಮೇ ತಿಂಗಳಲ್ಲಿ ಅದು ಎಷ್ಟು ಭವ್ಯವಾಗಿ ಕಂಡಿತ್ತು ಎಂದು ನಾನು ಪುಸ್ತಕದಲ್ಲಿ ಓದಿದ್ದೆ. ಕಂಡವರೇ ನನ್ನ ಮುಂದೆ ಒಂದೂವರೆ ಗಂಟೆ ಕೂತಿದ್ದರು. ನಾನು ಬೆನ್ನು ಹಾಕಿ ನಿಂತಿದ್ದೆ.

‘ಆಗ್ಲೇ ಹೇಳಬಾರದಾಗಿತ್ತಾ ಅಜ್ಜ?’ ಅಂದೆ.

‘ಕೇಳ್ತೀರ ಅಂತ ನೋಡ್ದೆ. ನೀವು ಗೋಡೆಗ ಪಾಠ ಹೇಳ್ತಿದ್ರಿ. ನಾವು ನಿಮ್ ಬೆನ್ ನೋಡ್ಕಂಡು ಕೂತಿದ್ದೊ.’

ಅವರು ಕೋಪದಿಂದ ಹೇಳಲಿಲ್ಲ. ಕೋಪ ಮಾಡಿಕೊಂಡಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ. ಮುಂದಿನ ವಾರ ಅವರನ್ನು ಕಂಡು ಎಲ್ಲ ಬರೆದುಕೊಳ್ಳಬೇಕೆಂದುಕೊಂಡೆ. ಪರೀಕ್ಷೆ ಬಂತು, ರಜ ಬಂತು, ವರ್ಗವಾಯಿತು. ಹೋಗಲಿಲ್ಲ. ಹ್ಯಾಲಿ ಮತ್ತೆ ಬರುವುದು 2061ಕ್ಕೆ; ಆಗ ನೋಡುವವರು ಈಗಿನ ಕಾಲೇಜು ಮಕ್ಕಳು.

ಹುಡುಗಿ ಈ ಕತೆ ಕೇಳಿ ಮೊದಲ ಸಲ ನಕ್ಕಳು. ‘ತಲೆಕೆಳಗು ಬಂತಾ ಸಾರ್, ನಿಮಗೂ?’ ಅಂದಳು. ಲ್ಯಾಪ್‌ಟಾಪು ತೆಗೆಯಲು ಧೈರ್ಯ ಬಂತು.

ನಲವತ್ತೆರಡು ಸ್ಲೈಡುಗಳನ್ನೂ ನೋಡಿದೆ. ಒಂದಕ್ಕಿಂತ ಒಂದು ಚಂದ. ಬದಿಯಿಂದ ಹಾರಿ ಬರುವ ಅಕ್ಷರಗಳು, ತಿರುಗುವ ಎಲೆ, ಪುಟ ಮಗುಚುವ ಸದ್ದು. ಒಂದು ಸ್ಲೈಡಿನಲ್ಲಿ ಪದ ಎಣಿಸಿದೆ: ತೊಂಬತ್ತು. ‘ಹತ್ತು ನಿಮಿಷಕ್ಕೆ ಎಷ್ಟು ಸೆಕೆಂಡಮ್ಮ?’ ಅಂದೆ. ಆರುನೂರು. ಆರುನೂರನ್ನು ನಲವತ್ತೆರಡರಿಂದ ಭಾಗಿಸಿದರೆ ಹದಿನಾಲ್ಕು ಚಿಲ್ಲರೆ. ತೊಂಬತ್ತು ಪದವನ್ನು ಹದಿನಾಲ್ಕು ಸೆಕೆಂಡಿನಲ್ಲಿ ಓದಲು ಹರಾಜು ಕೂಗುವವರಿಗೂ ಆಗದು. ಅವಳು ಸೋತದ್ದು ಭಯದಿಂದಲ್ಲ, ಭಾಗಾಕಾರದಿಂದ. ಇದನ್ನು ಕೇಳಿ ಅವಳಿಗೆ ಎಷ್ಟೋ ಸಮಾಧಾನವಾಯಿತು.

ನಮ್ಮ ಕಾಲದಲ್ಲಿ ಈ ಕಷ್ಟ ಇರಲಿಲ್ಲ, ಯಾಕೆಂದರೆ ಬೇರೆ ಕಷ್ಟ ಇತ್ತು. ಒಂದು ಸ್ಲೈಡು ಮಾಡಿಸಲು ಫಿಲ್ಮಿನ ದುಡ್ಡು, ತೊಳೆಸಲು ದುಡ್ಡು, ವಾರಗಟ್ಟಲೆ ಕಾಯುವುದು. ಹತ್ತು ಸಲ ಯೋಚಿಸಿ ಒಂದು ಚಿತ್ರ ಆರಿಸುತ್ತಿದ್ದೆವು. 1987ರಲ್ಲಿ ಅಮೆರಿಕದ ಫೋರ್‌ಥಾಟ್ ಎಂಬ ಸಣ್ಣ ಕಂಪನಿಯಲ್ಲಿ ರಾಬರ್ಟ್ ಗ್ಯಾಸ್ಕಿನ್ಸ್, ಡೆನ್ನಿಸ್ ಆಸ್ಟಿನ್ ಮುಂತಾದವರು ಪವರ್‌ಪಾಯಿಂಟ್ ಹೊರತಂದರು. ಅದೇ ವರ್ಷ ಮೈಕ್ರೋಸಾಫ್ಟ್ ಅದನ್ನು 1 ಕೋಟಿ 40 ಲಕ್ಷ ಡಾಲರಿಗೆ ಕೊಂಡಿತು. ಆಮೇಲೆ ಸ್ಲೈಡು ಪುಕ್ಕಟೆಯಾಯಿತು. 2004ರಲ್ಲಿ ಕೊಡಕ್ ಕಂಪನಿ ಸ್ಲೈಡ್ ಪ್ರೊಜೆಕ್ಟರ್ ಮಾಡುವುದನ್ನೇ ನಿಲ್ಲಿಸಿತು. ಪುಕ್ಕಟೆ ಸಿಕ್ಕಿದ್ದನ್ನು ಅಳತೆಯಿಟ್ಟು ಬಳಸುವುದು ಮನುಷ್ಯ ಜಾತಿಗೇ ಬಂದಿಲ್ಲ. ಈ ಹುಡುಗಿಯೊಬ್ಬಳನ್ನು ಬೈದು ಏನು ಪ್ರಯೋಜನ.

ಒಂದು ಸಂಗತಿಯನ್ನು ಮಾತ್ರ ಗಟ್ಟಿಯಾಗಿ ಹೇಳಿದೆ. 2003ರ ಫೆಬ್ರುವರಿ 1ರಂದು ಕೊಲಂಬಿಯಾ ಗಗನನೌಕೆ ಭೂಮಿಗೆ ಮರಳುವಾಗ ಛಿದ್ರವಾಗಿ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಸತ್ತರು. ಅವರ ಹೆಸರು ಕೇಳದ ವಿದ್ಯಾರ್ಥಿ ನಮ್ಮಲ್ಲಿಲ್ಲ. ಉಡಾವಣೆಯ ಹೊತ್ತಿನಲ್ಲಿ ಇಂಧನದ ಟ್ಯಾಂಕಿನಿಂದ ಕಳಚಿದ ನೊರೆಯಂಥ ವಸ್ತುವಿನ ತುಂಡು ಎಡ ರೆಕ್ಕೆಗೆ ಬಡಿದಿತ್ತು. ನೌಕೆ ಇನ್ನೂ ಮೇಲಿರುವಾಗಲೇ ಎಂಜಿನಿಯರುಗಳು ಆ ಬಗ್ಗೆ ಸ್ಲೈಡುಗಳನ್ನು ಮಾಡಿ ಅಧಿಕಾರಿಗಳ ಮುಂದೆ ಇಟ್ಟಿದ್ದರು. ಒಂದು ಸ್ಲೈಡಿನ ತಲೆಬರಹ ಓದಿದರೆ ಅಪಾಯವಿಲ್ಲವೇನೋ ಅನ್ನಿಸುವ ಧಾಟಿ. ಅದರ ತಳದಲ್ಲಿ, ಚಿಕ್ಕಕ್ಷರದ ಒಳಸಾಲಿನಲ್ಲಿ ನಿಜವಾದ ಸುದ್ದಿ: ಹಿಂದೆ ಪರೀಕ್ಷೆಗೆ ಬಳಸಿದ ತುಂಡು 3 ಘನ ಅಂಗುಲದ್ದು, ಈಗ ಬಡಿದದ್ದು ಅಂದಾಜು 1920 ಘನ ಅಂಗುಲದ್ದು. ಆರುನೂರ ನಲವತ್ತು ಪಟ್ಟು! ಎಡ್ವರ್ಡ್ ಟಫ್ಟಿ ಎಂಬ ವಿದ್ವಾಂಸರು ಈ ಸ್ಲೈಡನ್ನು ಸಾಲು ಸಾಲಾಗಿ ಬಿಡಿಸಿ ತೋರಿಸಿದರು. ಅಪಘಾತದ ತನಿಖಾ ಮಂಡಳಿಯೂ ಆ ವರ್ಷದ ಆಗಸ್ಟಿನ ತನ್ನ ವರದಿಯಲ್ಲಿ, ಸರಿಯಾದ ತಾಂತ್ರಿಕ ಬರಹದ ಜಾಗದಲ್ಲಿ ಸ್ಲೈಡುಗಳನ್ನಿಟ್ಟು ಕೆಲಸ ಸಾಗಿಸುವ ಚಾಳಿಯನ್ನು ಟೀಕಿಸಿತು. ಸ್ಲೈಡಿನಿಂದಲೇ ನೌಕೆ ಒಡೆಯಿತು ಅಂತ ಅಲ್ಲ. ಆದರೆ ಮುಖ್ಯವಾದ ಮಾತನ್ನು ತಳದಲ್ಲಿ ಹೂತಿಟ್ಟರೆ ಅದು ಅಲ್ಲಿಯೇ ಉಳಿಯುತ್ತದೆ.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: ‘ಹಾಗಾದ್ರೆ ನನ್ನ ಮುಖ್ಯ ಮಾತು ಯಾವುದು ಸಾರ್?’

ಅದನ್ನು ನಾನು ಹೇಳುವಂತಿಲ್ಲ. ‘ನಿಮ್ಮ ಹೊಲದಲ್ಲಿ ಈಗ ಏನಿದೆ?’ ಅಂದೆ. ‘ಚೆಂಡುಹೂ’ ಅಂದಳು, ಅದೂ ಒಂದು ವಿಷಯವೇ ಎನ್ನುವ ಧಾಟಿಯಲ್ಲಿ.

ಗುಂಡ್ಲುಪೇಟೆ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಹೋದವರಿಗೆ ನಾನು ವರ್ಣಿಸಬೇಕಾಗಿಲ್ಲ. ಊಟಿ ರಸ್ತೆಯ ಎರಡೂ ಕಡೆ ಸೂರ್ಯಕಾಂತಿ, ಚೆಂಡುಹೂ. ಕೇರಳದ ಕಾರುಗಳು ಸಾಲುಗಟ್ಟಿ ನಿಂತು ಫೋಟೋ ತೆಗೆಸಿಕೊಳ್ಳುತ್ತವೆ. ಫೋಟೋಗೆ ಇಷ್ಟು ಅಂತ ರೈತರು ದುಡ್ಡು ಕೇಳುವುದೂ ಉಂಟು. ಚೆಂಡುಹೂ ಮೂಲತಃ ಮೆಕ್ಸಿಕೋ ಕಡೆಯದು. ನಮಗೆ ಆಯುಧಪೂಜೆಗೆ, ದೀಪಾವಳಿಗೆ ಅದೇ ಬೇಕು. ಅಲ್ಲಿ ಸತ್ತವರನ್ನು ನೆನೆಯುವ ಹಬ್ಬಕ್ಕೆ ಅದೇ ಬೇಕು. ಆದರೆ ಇಲ್ಲಿ ಎಕರೆಗಟ್ಟಲೆ ಬೆಳೆಯುವ ಹೂವೆಲ್ಲ ಹಾರವಾಗುವುದಿಲ್ಲ. ಬಹಳಷ್ಟು ಕಾರ್ಖಾನೆಗೆ ಹೋಗುತ್ತದೆ. ದಳಗಳನ್ನು ಹದಗೊಳಿಸಿ, ಒಣಗಿಸಿ, ಹೆಕ್ಸೇನಿನಂಥ ದ್ರಾವಕದಿಂದ ಬಣ್ಣ ತೆಗೆಯುತ್ತಾರೆ. ಆ ಬಣ್ಣದ ಮುಖ್ಯ ಭಾಗ ಲ್ಯೂಟೀನ್. ಕೋಳಿಯ ಮೇವಿಗೆ ಬೆರೆಸಿದರೆ ಮೊಟ್ಟೆಯ ಹಳದಿಗೆ ಗಾಢ ಬಣ್ಣ ಬರುತ್ತದೆ. ನಮ್ಮ ಕಣ್ಣಿನ ಅಕ್ಷಿಪಟಲದ ನಡುವಿನ ಹಳದಿ ಚುಕ್ಕೆಯಲ್ಲಿ ಇರುವುದೂ ಇದೇ ಲ್ಯೂಟೀನ್ ಮತ್ತು ಅದರ ಬಂಧು ಝಿಯಾಕ್ಸಾಂಥಿನ್.

ಇದೆಲ್ಲ ಅವಳ ನಲವತ್ತೆರಡು ಸ್ಲೈಡುಗಳಲ್ಲೇ ಎಲ್ಲೋ ಇತ್ತು. ಇಪ್ಪತ್ತೊಂಬತ್ತನೆಯದರಲ್ಲಿ, ಮೂರನೆಯ ಸಾಲು. ಅದರ ಪಕ್ಕದಲ್ಲಿ ಅಂತರಜಾಲದಿಂದ ಇಳಿಸಿದ ಯಾವುದೋ ದೇಶದ ಚೆಂಡುಹೂವಿನ ಚಿತ್ರ! ಮನೆಯ ಬಾಗಿಲು ತೆಗೆದರೆ ಎರಡು ಎಕರೆ ಹಳದಿ ಇರುವ ಹುಡುಗಿ ಪರದೇಶದ ಹೂವಿನ ಫೋಟೋ ಹುಡುಕಿದ್ದಳು. ನಾನು ಬೆನ್ನು ಹಾಕಿ ನಿಂತಿದ್ದ ಅಜ್ಜನ ನೆನಪಾಯಿತು.

ಮುಂದಿನ ಭಾನುವಾರಕ್ಕೆ ಅವಳಿಗೆ ಕೊಟ್ಟ ಕೆಲಸ ಎಂದರೆ ಲ್ಯಾಪ್‌ಟಾಪು ಮುಚ್ಚಿಟ್ಟು ವಿಷಯವನ್ನು ತಾಯಿಗೆ ಹೇಳುವುದು. ಎಲ್ಲಿ ತಾಯಿ ‘ಅಂದ್ರ?’ ಅಂತ ಕೇಳುತ್ತಾರೋ ಅಲ್ಲಿ ಒಂದು ಗುರುತು. ಎಲ್ಲಿ ಮಾತು ಸಾಲದೆ ಕೈಯಾಡಿಸಬೇಕಾಗುತ್ತದೋ, ನೆಲದ ಮೇಲೆ ಗೀಚಬೇಕಾಗುತ್ತದೋ ಅಲ್ಲಿ ಇನ್ನೊಂದು ಗುರುತು. ಚಿತ್ರ ಬೇಕಾದದ್ದು ಈ ಎರಡನೆಯ ಗುರುತಿನ ಜಾಗದಲ್ಲಿ ಮಾತ್ರ. ಬೇರೆಡೆ ನಾಲಿಗೆ ಸಾಕು. ವಾರ ಬಿಟ್ಟು ಬಂದಾಗ ನಲವತ್ತೆರಡು ಹೋಗಿ ಹನ್ನೊಂದಾಗಿತ್ತು. ಕೂತು ಎರಡನ್ನು ಕಿತ್ತೆವು. ಒಂಬತ್ತು ಉಳಿಯಿತು. ಒಂದೊಂದಕ್ಕೆ ನಿಮಿಷಕ್ಕೂ ಸ್ವಲ್ಪ ಹೆಚ್ಚು. ಉಸಿರಾಡಲು ಜಾಗ ಸಿಕ್ಕಿತು.

ಈ ಸಂದರ್ಭದಲ್ಲಿ ನಮ್ಮ ಸೀಮೆಯ ನೀಲಗಾರರನ್ನೂ ದೇವರಗುಡ್ಡರನ್ನೂ ನೆನೆಯದಿದ್ದರೆ ತಪ್ಪಾಗುತ್ತದೆ. ಮಂಟೇಸ್ವಾಮಿಯ ಕತೆ, ಮಲೆಯ ಮಾದಪ್ಪನ ಕತೆ ಹಾಡುವವರು ಇವರು. ತಂಬೂರಿಯೋ ಕಂಸಾಳೆಯೋ ಇಷ್ಟೇ ಸಲಕರಣೆ. ಚಿಕ್ಕಲ್ಲೂರು ಜಾತ್ರೆಯಲ್ಲಿ ಬೆಳ್ಳಿ ಮೂಡುವವರೆಗೆ ಜನ ಕದಲದೆ ಕೂತು ಕೇಳುವುದನ್ನು ನಾನು ಚಿಕ್ಕಂದಿನಿಂದ ಕಂಡಿದ್ದೇನೆ. ಮಾದಪ್ಪನ ಕತೆ ಸಾಲು ಸಾಲಾಗಿ ಇದೆ: ಸಂಕಮ್ಮನ ಸಾಲು, ಸರಗೂರಯ್ಯನ ಸಾಲು, ಹೀಗೆ. ಹಾಡುವವನಿಗೆ ಸಾಲು ಗಟ್ಟಿ. ಒಳಗಿನ ಮಾತು ಆ ರಾತ್ರಿ, ಆ ಜನ ನೋಡಿ ಹುಟ್ಟುತ್ತದೆ. ಹೆಂಗಸರು ಕಣ್ಣೊರೆಸಿಕೊಂಡರೆ ಸಂಕಮ್ಮನ ಕಷ್ಟ ಇನ್ನೊಂದು ಗಳಿಗೆ ಬೆಳೆಯುತ್ತದೆ. ತೂಕಡಿಸಿದರೆ ಒಂದು ನಗೆಮಾತು ಬರುತ್ತದೆ. ಹಿಮ್ಮೇಳದವನು ನಡುನಡುವೆ ಸೊಲ್ಲು ಹಿಡಿಯುತ್ತಾನೆ. ಅವರು ಕೇಳುವವರ ಮುಖ ಬಿಟ್ಟು ಬೇರೆಡೆ ನೋಡಿದ್ದನ್ನು ನಾನು ಕಾಣೆ. ‘ನಿನ್ನ ಸ್ಲೈಡು ಒಂದೊಂದು ಸಾಲು ಇದ್ದ ಹಾಗೆ. ಸಾಲಿನ ಹೆಸರು ಪರದೆಯ ಮೇಲಿರಲಿ, ಹಾಡು ನೀನು ಹಾಡು’ ಅಂದೆ. ಅವಳ ತಾತ ಕಂಸಾಳೆಯವರಂತೆ. ನನಗೆ ಗೊತ್ತಿರಲಿಲ್ಲ.

ಇನ್ನು ಕೆಲವು ಸಣ್ಣ ಸಂಗತಿ. ಸಣ್ಣವು ಅಂತ ಬಿಟ್ಟರೆ ಅವೇ ಮಾನ ಕಳೆಯುವುದು. ಹಳೆಯ ನುಡಿ, ಬರಹ ತಂತ್ರಾಂಶಗಳ ಅಕ್ಷರಗಳು ಇಂಗ್ಲಿಷ್ ಅಕ್ಷರದ ಮನೆಗಳಲ್ಲಿ ಬಾಡಿಗೆಗಿದ್ದಂತೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಮನೆಯ ಮಾಲೀಕರೇ ಹೊರಗೆ ಬರುತ್ತಾರೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಮನೆ ಇದೆ. ಅದರಲ್ಲಿ ಟೈಪು ಮಾಡಿ, ಜೊತೆಗೆ ಪಿ.ಡಿ.ಎಫ್. ಪ್ರತಿಯನ್ನೂ ಇಟ್ಟುಕೊಂಡು, ಹಿಂದಿನ ದಿನವೇ ಅದೇ ಕೋಣೆಯ ಅದೇ ಕಂಪ್ಯೂಟರಿನಲ್ಲಿ ತೆರೆದು ನೋಡುವುದು ಕ್ಷೇಮ. ತರಗತಿಗೆ ಪರದೆ ಇಲ್ಲ, ಹಗಲು ಬೆಳಕು ನುಗ್ಗುತ್ತದೆ ಎಂದರೆ ತಿಳಿ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರವೇ ಮೇಲು. ಚೆಂಡುಹೂವಿನ ಮೇಲಿನ ಪ್ರೀತಿಗೆ ಹುಡುಗಿ ಬಿಳಿಯ ಮೇಲೆ ಹಳದಿ ಅಕ್ಷರ ಬರೆದಿದ್ದಳು. ಅದು ದೇವರಿಗೂ ಕಾಣದು.

ಅಕ್ಷರ ಎಷ್ಟು ದೊಡ್ಡದಿರಬೇಕು ಎನ್ನುವುದಕ್ಕೆ ಹಳೆಯ ಮೇಷ್ಟ್ರ ಲೆಕ್ಕ ಒಂದಿದೆ. ಗೋಡೆಯ ಮೇಲಿನ ಚಿತ್ರ ಆರು ಅಡಿ ಅಗಲ, ಕೊನೆಯ ಬೆಂಚು ಮೂವತ್ತು ಅಡಿ ದೂರ ಎಂದುಕೊಳ್ಳಿ. ಅಗಲದ ಐದರಷ್ಟು ದೂರ. ಲ್ಯಾಪ್‌ಟಾಪಿನ ಪರದೆ ಹೆಚ್ಚು ಕಡಿಮೆ ಒಂದು ಅಡಿ ಅಗಲ. ಅದನ್ನು ಮೇಜಿನ ಮೇಲಿಟ್ಟು ಐದು ಅಡಿ ಹಿಂದೆ ಸರಿದು ನಿಂತರೆ ಕೊನೆಯ ಬೆಂಚಿನವನ ಕಣ್ಣು ನಿಮ್ಮದಾಗುತ್ತದೆ. ಓದಲಾಗದಿದ್ದರೆ ಅಕ್ಷರ ದೊಡ್ಡದು ಮಾಡಿ. ಜಾಗ ಸಾಲದಿದ್ದರೆ ಮಾತು ಕಡಿಮೆ ಮಾಡಿ. ಅವಳಪ್ಪನೇ ಕೊನೆಯ ಬೆಂಚಿನ ಗಿರಾಕಿಯಾಗಿದ್ದರಿಂದ ಈ ಪರೀಕ್ಷೆಗೆ ಅವನನ್ನೇ ನಿಲ್ಲಿಸಿದೆವು. ‘ಕಾಣ್ತಾ ಅದ’ ಅಂದ, ಮೂವತ್ತೈದು ವರ್ಷ ತಡವಾಗಿ.

ತೊಂಬತ್ತು ಪದದ ಸ್ಲೈಡು ಯಾಕೆ ಕೆಡುಕು ಎಂದರೆ ಕೇಳುವವರು ಅದನ್ನು ಓದಲು ತೊಡಗುತ್ತಾರೆ. ಮನಸ್ಸಿನೊಳಗೆ ಓದುವ ದನಿ, ಹೊರಗೆ ನಿಮ್ಮ ದನಿ. ಎರಡು ರೇಡಿಯೋ ಒಟ್ಟಿಗೆ ಹಚ್ಚಿದಂತೆ. ಕ್ಯಾಲಿಫೋರ್ನಿಯಾದ ರಿಚರ್ಡ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಪ್ರಯೋಗ ಮಾಡಿ ನೋಡಿದ್ದಾರೆ. ಚಿತ್ರ ತೋರಿಸಿ ಬಾಯಲ್ಲಿ ವಿವರಿಸಿದಾಗ ಕಲಿಯುವುದಕ್ಕಿಂತ, ಅದೇ ಮಾತನ್ನು ಪರದೆಯ ಮೇಲೂ ಬರೆದು ಓದಿದಾಗ ಜನ ಕಡಿಮೆ ಕಲಿಯುತ್ತಾರಂತೆ. ಹಾರುವ ಅಕ್ಷರ, ತಿರುಗುವ ಎಲೆಗಳ ವಿಷಯವೂ ಇಷ್ಟೇ. ಗಮನವನ್ನು ಕದ್ದೊಯ್ಯುತ್ತವೆ, ಏನನ್ನೂ ಕೊಡುವುದಿಲ್ಲ. ಇಲ್ಲಿ ಹೆತ್ತವರಿಗೂ ಒಂದು ಮಾತು. ಮಕ್ಕಳ ಪ್ರಾಜೆಕ್ಟನ್ನು ಅಂಗಡಿಯಲ್ಲಿ ದುಡ್ಡು ಕೊಟ್ಟು ಮಾಡಿಸಿ ತರುವವರನ್ನು ನಾನು ಚಾಮರಾಜನಗರದಲ್ಲಿಯೇ ನೋಡುತ್ತಿರುತ್ತೇನೆ. ಬಣ್ಣ ಬಣ್ಣವಾಗಿರುತ್ತದೆ, ಒಪ್ಪುತ್ತೇನೆ. ಆ ದುಡ್ಡಿಗೆ ಒಂದು ಸಂಜೆ ಮಗುವಿನ ಎದುರು ಕೂತು ‘ಏನು, ಹೇಳು ನೋಡೋಣ’ ಅಂದಿದ್ದರೆ ಸಾಕಿತ್ತು.

ಒಂಬತ್ತು ಸ್ಲೈಡುಗಳಲ್ಲಿ ನನಗೆ ಅತಿ ಮೆಚ್ಚಾದದ್ದು ಆರನೆಯದು. ಅದನ್ನು ಅವಳೇ ಯೋಚಿಸಿದ್ದು. ಹೂ ಹಾಕಿದಾಗ ಕೊಟ್ಟ ತೂಕದ ಚೀಟಿಯ ಫೋಟೋ. ಮಾಸಿದ ಗುಲಾಬಿ ಕಾಗದ, ಮೂಲೆಯಲ್ಲಿ ಅಪ್ಪನ ಹೆಬ್ಬೆಟ್ಟಿನ ಮಣ್ಣು. ಅದರಲ್ಲಿದ್ದದ್ದು ಮೂರೇ ಅಂಕಿ: ತೂಗಿದ್ದು, ತೇವಾಂಶಕ್ಕೆಂದು ಕಳೆದದ್ದು, ಕೈಗೆ ಬಂದದ್ದು. ಅದರ ಮೇಲೆ ‘ಪರಿಚಯ’, ‘ಆರ್ಥಿಕ ಅಂಶಗಳು’ ಅಂತ ಹೆಡ್ಡಿಂಗು ಹಾಕಲಿಲ್ಲ. ‘ಮಳೆ ಬಂದ ದಿನ ಹೂವಿಗೆ ಬೆಲೆ ಕಡಿಮೆ’ ಎಂದು ಪೂರ್ತಿ ವಾಕ್ಯವನ್ನೇ ಬರೆದಳು. ಈ ಚೀಟಿ ತೋರಿಸಿದ ಮೇಲೆ ಕೀಬೋರ್ಡಿನಲ್ಲಿ ಬಿ ಅಕ್ಷರ ಒತ್ತಿ ಪರದೆಯನ್ನು ಕಪ್ಪು ಮಾಡಬೇಕು, ಹುಡುಗರ ಕಡೆ ನೋಡಿ ಬೆಳಗಿನ ಜಾವದ ಹೂಕೊಯ್ಲಿನ ಬಗ್ಗೆ ಹೇಳಬೇಕು ಎಂದು ಗೊತ್ತು ಮಾಡಿಕೊಂಡೆವು. ಪವರ್‌ಪಾಯಿಂಟಿನ ಈ ಬಿ ಗುಂಡಿಯ ಗುಟ್ಟು ಎಷ್ಟೋ ಮೇಷ್ಟ್ರುಗಳಿಗೇ ಗೊತ್ತಿಲ್ಲ.

ಊರಿನ ಮನೆಯ ಜಗಲಿಯಲ್ಲಿ ತಾಲೀಮು ನಡೆಯಿತು. ಅಕ್ಕಪಕ್ಕದ ಹತ್ತು ಜನ ಕೂತಿದ್ದರು. ಎರಡು ಸ್ಲೈಡು ಚೆನ್ನಾಗಿ ಹೋಯಿತು. ಮೂರನೆಯದರಲ್ಲಿ ಅಭ್ಯಾಸಬಲದಿಂದ ಹುಡುಗಿ ಗೋಡೆಯ ಕಡೆ ತಿರುಗಿದಳು. ರಾಗಿ ಕೇರುತ್ತಿದ್ದ ತಾಯಿ ಮೊರ ನಿಲ್ಲಿಸಿ ಕೇಳಿದರು: ‘ಯಾರ್ಗವ್ವ ಹೇಳ್ತಿದ್ದೈ? ನಾವ್ ಇತ್ತಗ ಇಂವಿ.’

ನಾನು ಆ ತಾಯಿಗೆ ಮನಸ್ಸಿನಲ್ಲೇ ಕೈಮುಗಿದೆ. 1986ರಲ್ಲಿ ಹೀಗೊಬ್ಬರು ಕೂಗಿ ಹೇಳಿದ್ದರೆ!

ಶ್ರಾವಣದಲ್ಲಿ ಎರಡನೆಯ ಸೆಮಿನಾರು. ಮತ್ತೊಂದು ಅವಕಾಶ ಕೊಡಲು ಅಧ್ಯಾಪಕರು ಒಪ್ಪಿದ್ದರು. ತರಗತಿಯೊಳಗೆ ನಮಗೇನು ಕೆಲಸ? ನಾನೂ ಅವಳಪ್ಪನೂ ಕಾಲೇಜಿನ ಗೇಟಿನ ಎದುರು ಹೊಂಗೆ ಮರದ ಕೆಳಗೆ ನಿಂತೆವು. ಅವನು ಬೆಳಿಗ್ಗೆ ಹೂ ಕೊಯ್ಲು ಮುಗಿಸಿಯೇ ಬಂದಿದ್ದ. ಉಗುರಿನ ಸಂದಿ ಹಳದಿ. ಮಾತಿಲ್ಲ. ಎರಡು ಸಲ ಟೀ ಕುಡಿದೆವು.

ಹನ್ನೆರಡೂವರೆಗೆ ಹುಡುಗಿ ಹೊರಗೆ ಬಂದಳು. ಜೊತೆಯಲ್ಲಿ ಇಬ್ಬರು ಗೆಳತಿಯರು. ಮುಖ ನೋಡಿ ಏನೂ ತಿಳಿಯಲಿಲ್ಲ.

‘ಎಂಗಾಯ್ತವ್ವ?’

‘ಆಯ್ತು. ಚೀಟಿ ಬಂದಾಗ ಎಲ್ಲಾ ಸುಮ್ನಾದ್ರು. ಆಮೇಲೆ ಮೇಡಂ ಒಂದು ಪ್ರಶ್ನೆ ಕೇಳಿದ್ರು. ನನಗೆ ಗೊತ್ತಿರಲಿಲ್ಲ.’

ಅವನ ಮುಖ ಬಾಡಿತು. ‘ಏನಂದೆ ಮತ್ತ?’

‘ಗೊತ್ತಿಲ್ಲ, ನಮ್ಮಪ್ಪನ್ನ ಕೇಳ್ಕೊಂಡು ನಾಳೆ ಹೇಳ್ತೀನಿ ಅಂದೆ.’ ಚೀಲದಿಂದ ನೋಟ್ ಪುಸ್ತಕ ತೆಗೆದು, ಪೆನ್ನಿನ ಮುಚ್ಚಳ ಬಾಯಲ್ಲಿ ಕಚ್ಚಿ ಹಿಡಿದು, ಅಪ್ಪನ ಎದುರು ನಿಂತಳು. ‘ಚೆಂಡುಹೂ ಹಾಕಿದ ಹೊಲದಲ್ಲಿ ಮುಂದಿನ ಬೆಳೆಗೆ ಬೇರುಗಂಟಿನ ಹುಳ ಕಡಿಮೆ ಅಂತ ಪುಸ್ತಕದಲ್ಲಿದೆಯಲ್ಲ, ನಿಮ್ಮ ಹೊಲದಲ್ಲಿ ಏನು ಕಂಡಿದೆ ಅಂತ ಕೇಳಿದ್ರು.’

ಅವನು ನನ್ನ ಕಡೆ ನೋಡಿದ. ನಾನು ಮಾತಾಡಲಿಲ್ಲ. ಹಳದಿ ಉಗುರಿನಿಂದ ಕತ್ತು ಕೆರೆದುಕೊಂಡು ಶುರು ಮಾಡಿದ: ‘ನೋಡು, ಬಾವಿ ಮಗ್ಗುಲ್ ಪಟ್ಟೀಲಿ ಟೊಮೆಟೊ ಹಾಕ್ದಾಗ ಬೇರೆಲ್ಲ ಗಂಟ್ ಗಂಟು. ಕಿತ್ರ ನೆಲಗಡ್ಲ ಕಾಯಂಗ. ಅದ್ರ ಮಾರ್ನೇ ವರ್ಷ ಚೆಂಡುಹೂ ಹಾಕ್ದೊ...’ ಬಗ್ಗಿ, ಬಿದ್ದಿದ್ದ ಹೊಂಗೆಯ ಕಡ್ಡಿಯಿಂದ ಮಣ್ಣಿನ ಮೇಲೆ ಹೊಲದ ನಕ್ಷೆ ಬರೆಯತೊಡಗಿದ. ಗೆಳತಿಯರಿಬ್ಬರೂ ಬಗ್ಗಿ ನೋಡಿದರು. ಹುಡುಗಿ ಬರೆದುಕೊಳ್ಳುತ್ತಿದ್ದಳು. ಗುಂಡ್ಲುಪೇಟೆ ಬಸ್ಸು ಬಂತು, ಹಾರ್ನು ಹಾಕಿತು, ಹೋಯಿತು. ಅವನು ಇನ್ನೂ ಬಾವಿಯ ಎಡಗಡೆಯ ಪಟ್ಟಿಗೆ ಬಂದಿರಲಿಲ್ಲ.